ಕಂಬಳಿ ಜೋಲಿಯಲ್ಲಿ ಕಡಲಹಲ್ಲಿ

ಓದುಗರಿಗೆಲ್ಲ ಶಿರಸಿಯಿಂದ ನಮಸ್ಕಾರ. ಇದನ್ನ ನಾನು ಗುರುತಿನವರೊಬ್ಬರ ಆಫೀಸಿನ ಕನ್ನಡ ಟೈಪ್ ಮಶೀನಿನಲ್ಲಿ, ಅವರು ಊಟಕ್ಕೆ ಹೋದ ಹೊತ್ತಲ್ಲಿ, ಒಂದೇ ಬೆರಳಲ್ಲಿ ಕುಟ್ತಾ ಇದ್ದೇನೆ. ಒತ್ತಕ್ಷರ ಬೇಕಾದಾಗ ಸಿಗೋದಿಲ್ಲ, ಸಿಕ್ಕಿದ್ದು ಬೇಕಾಗಿರೋದಿಲ್ಲ. ಅದೂ ಅಲ್ದೆ ನಾನು ಅಕ್ಷರ ಕಲಿತದ್ದೇ ತಡವಾಗಿ. ಹುಟ್ಟಿದ್ದು ಯಲ್ಲಾಪುರದ ಕಡೆ ಕಾಡಿನ ಒಳಗೆ, ಹತ್ತಿರ ಶಾಲೆ ಇರಲಿಲ್ಲ. ಶಿರಸಿಗೆ ಬಂದು ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟ ಮೇಲೆ ರಾತ್ರಿ ಶಾಲೆಗೆ ಸೇರಿದೆ. ಮೀಸೆ ಬಂದ ಮೇಲೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಯ್ತು. ಆಮೇಲೆ ನನ್ನ ಅಂಗಡಿಯಿಂದಲೇ ಸೈಕಲ್ ಒಯ್ಯೋ ಹುಡುಗರ ಪಕ್ಕ ಕೂತು ಮ್ಯಾಟ್ರಿಕ್ ಬರೆದೆ. ಹಾಗಾಗಿ ತಪ್ಪು ಕಂಡಲ್ಲಿ ಹೊಟ್ಟೆಗೆ ಹಾಕ್ಕೊಳ್ಳಿ.

ಇಂಗ್ಲೆಂಡಿಗೆ ಹೋಗಿ ಬಂದವರು ಬರೆದದ್ದನ್ನ ನಾನೂ ಓದಿದ್ದೇನೆ. ಅರಮನೆ, ಸೇತುವೆ, ಗಡಿಯಾರದ ಗೋಪುರ ಎಲ್ಲ ಅದರಲ್ಲಿ ಬರ್ತದೆ. ನಾನು ಅದ್ಯಾವುದನ್ನೂ ಸರಿಯಾಗಿ ನೋಡಲಿಲ್ಲ. ನಾನು ಚೆನ್ನಾಗಿ ನೋಡಿದ್ದು ಒಂದು ಹಲ್ಲಿಯನ್ನ. ಅದು ಸತ್ತು ಎಷ್ಟು ಕಾಲ ಆಗಿತ್ತು ಅಂದ್ರೆ, ಆಗ ನಮ್ಮ ಸಹ್ಯಾದ್ರಿ ಘಟ್ಟವೇ ಎದ್ದಿರಲಿಲ್ಲವಂತೆ.

ಶಿರಸಿ ಬಸ್ ಸ್ಟ್ಯಾಂಡು

ನನ್ನ ಅಕ್ಕನ ಗಂಡ ಡಾಕ್ಟರು. ಇಂಗ್ಲೆಂಡಿನ ದಕ್ಷಿಣ ಕಡಲ ತೀರದಲ್ಲಿ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ. ಅವರ ತಾಯಿ ಗಂಗತ್ತೆಗೆ ಮಗನನ್ನ ನೋಡಬೇಕು ಅಂತ ಹಠ ಬಂತು. ಮಗನಿಗೆ ಸದ್ಯ ರಜೆ ಇಲ್ಲ. ಹಾಗಾದ್ರೆ ತಾನೇ ಹೋಗ್ತೇನೆ ಅಂದ್ರು. ಸಿದ್ದಾಪುರದ ಆಚೆ ಒಂದು ಹಳ್ಳಿ ಅವರದ್ದು, ಅಲ್ಲಿ ಯಾರೂ ಅಷ್ಟು ದೂರ ಹೋದವರಿಲ್ಲ. ಜೊತೆಗೆ ಹೋಗೋಕೆ ಇಂಗ್ಲಿಷ್ ಬರೋ ಗಂಡಸು ಬೇಕಿತ್ತು. ಮನೆಯಲ್ಲಿ ಇಂಗ್ಲಿಷ್ ಬಿಸಿಬಿಸಿ ಕಲಿತವನು ನಾನೊಬ್ಬನೇ. ಟಿಕೀಟು ಭಾವನದ್ದು, ಹೆಸರು ನಂದು ಅಂತ ಪೇಟೆಯವರು ಕಿಚಾಯಿಸಿದರು.

ನನ್ನ ಹೆಂಡತಿ ಸಾವಿತ್ರಿ ಹೋಗಿ ಬನ್ನಿ ಅಂದಳು. ಅವಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ, ಮುಂದಿನದ್ದೆಲ್ಲ ಅದಕ್ಕೇ ಸೇರಿದ್ದು. ಅವಳು ಎರಡು ಸಲ ಬಸುರಾಗಿದ್ದಳು. ಎರಡೂ ಸಲ ಮಗು ಉಳೀಲಿಲ್ಲ. ಆಮೇಲೆ ವರ್ಷಗಟ್ಟಲೆ ಏನೂ ಇರಲಿಲ್ಲ. ಮನೆಯಲ್ಲಿ ಆ ಮಾತನ್ನ ನಾವು ಎತ್ತೋದೇ ಬಿಟ್ಟಿದ್ದೆವು.

ಬಸ್ಸು ಹೊರಡೋ ಹೊತ್ತಿಗೆ ಗಂಗತ್ತೆಯ ಗಂಟುಗಳನ್ನ ಟಾಪಿನ ಮೇಲೆ ಏರಿಸಿದ್ದಾಯ್ತು. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯನ್ನ ಮಾತ್ರ ಅವರು ಮಡಿಲಲ್ಲೇ ಇಟ್ಟುಕೊಂಡರು. ಅದು ಹುಬ್ಬಳ್ಳಿವರೆಗೂ ಹಾಗೇ, ಬೊಂಬಾಯಿವರೆಗೂ ಹಾಗೇ, ಹಡಗಿನಲ್ಲೂ ಹಾಗೇ.

ಹಡಗು

ಹಡಗಿನ ಬಗ್ಗೆ ಹೆಚ್ಚು ಬರೆಯೋಕಾಗೋದಿಲ್ಲ. ಮೊದಲ ಕೆಲವು ದಿನ ನಾನು ಮಲಗೇ ಇದ್ದೆ. ಗಂಗತ್ತೆಗೆ ಏನೂ ಆಗಲಿಲ್ಲ.

ನಮ್ಮ ಕೋಣೆಗಳನ್ನ ಚೊಕ್ಕ ಮಾಡೋಕೆ ಒಬ್ಬ ಬಿಳಿಯ ಬರ್ತಿದ್ದ. ಬಾಗಿಲಿಗೆ ಬಂದವನಿಗೆ ಆಸರಿಗೆ ಕೊಡದೆ ಹೇಗೆ ಅಂತ ಗಂಗತ್ತೆ ಅವನಿಗೆ ಒಂದು ಉಂಡೆ ಬೆಲ್ಲ, ತಂಬಿಗೆಯಲ್ಲಿ ನೀರು ಕೊಟ್ಟರು. ಅವನು ಮೊದಲ ದಿನ ನನ್ನ ಮುಖ ನೋಡಿದ, ಇದು ಔಷಧಿಯಾ ಅಂತ ಕೇಳಿದ. ಅಲ್ಲ, ನಮ್ಮಲ್ಲಿ ಮನೆಗೆ ಬಂದವರಿಗೆ ಹೀಗೆ ಅಂದೆ. ಎರಡನೇ ದಿನ ತಾನೇ ಕೈ ಒಡ್ಡಿದ. ಸೂಯೆಜ್ ದಾಟೋ ಹೊತ್ತಿಗೆ ಬೆಲ್ಲ ಬಾಯಲ್ಲಿ ಇಟ್ಟುಕೊಂಡು ನೀರು ಎತ್ತಿ ಕುಡಿಯೋದನ್ನೂ ಕಲಿತಿದ್ದ. ಅಂಗಿ ಮಾತ್ರ ಒದ್ದೆಯಾಗ್ತಿತ್ತು.

ಭಾವನ ಮನೆ

ನಮಗಿಂತ ಮೊದಲೇ ವಿಮಾನದ ಟಪಾಲು ಬಂದು ಕೂತಿತ್ತು. ಅಕ್ಕ ಬಾಗಿಲಲ್ಲೇ ಹೇಳಿದಳು, ಸಾವಿತ್ರಿಗೆ ಮೂರು ತಿಂಗಳು ಅಂತ. ನಾನು ಅಲ್ಲೇ ಪೆಟ್ಟಿಗೆ ಮೇಲೆ ಕೂತುಬಿಟ್ಟೆ. ನಗು ಬಂತು, ಜೊತೆಗೇ ಮೊದಲಿನ ಎರಡು ಸಲದ ನೆನಪೂ ಬಂತು.

ಗಂಗತ್ತೆ ಆ ಕ್ಷಣದಿಂದಲೇ ನನ್ನನ್ನ ವಶಕ್ಕೆ ತಗೊಂಡರು. ಹೆಂಡತಿ ಬಸುರಿ ಇರೋವಾಗ ಗಂಡನಾದವನು ಮಾಡಬಾರದ್ದು ಕೆಲವಿದೆ, ನಮ್ಮ ಕಡೆಯ ಹಳಬರಿಗೆ ಗೊತ್ತಿದ್ದದ್ದೇ. ಕ್ಷೌರ ಮಾಡಿಸಬಾರದು. ಸಮುದ್ರ ಸ್ನಾನ ಕೂಡದು. ಹೆಣ ಹೊರಬಾರದು. ದೂರ ಪ್ರಯಾಣ ಹೋಗಬಾರದು. ಮೊದಲ ಎರಡು ಸಲ ನಾನು ಇದನ್ನೆಲ್ಲ ಅಷ್ಟು ಮನಸ್ಸಿಗೆ ಹಾಕ್ಕೊಂಡಿರಲಿಲ್ಲ. ಈ ಸಲ ಒಂದನ್ನೂ ಬಿಡೋದಿಲ್ಲ ಅಂದ್ಕೊಂಡೆ. ಆದ್ರೆ ಪ್ರಯಾಣ? ಅದು ಆಗಿಹೋಗಿತ್ತಲ್ಲ. ಅಕ್ಕಿ ಆರಿಸ್ತಾ ಕೂತ ಗಂಗತ್ತೆ ಸುಮಾರು ಹೊತ್ತು ಯೋಚನೆ ಮಾಡಿ ತೀರ್ಪು ಕೊಟ್ಟರು.

"ಗೊತ್ತಿಲ್ದೆ ಹೋದ್ದು ಲೆಕ್ಕಕ್ಕಿಲ್ಲೆ. ಇನ್ನು ವಾಪಸ್ ಹೋಪದು ಮನೆಗೆ. ಮನೆಗೆ ಹೋಪದು ಪ್ರಯಾಣ ಹೇಳಿ ಆಗ್ತಿಲ್ಲೆ."

ಭಾವ ಡಾಕ್ಟರಾದರೂ ತಾಯಿಯ ಎದುರು ಬಾಯಿ ಬಿಡಲಿಲ್ಲ. ಆಮೇಲೆ ನನ್ನ ಹತ್ತಿರ ಗುಟ್ಟಾಗಿ, ಮಾಣಿ, ಗಡ್ಡ ನಿನ್ನ ಇಷ್ಟ, ಸಾವಿತ್ರಿಗೆ ಹಾಲು ಸೊಪ್ಪು ಸರಿಯಾಗಿ ಕೊಡಿ ಅಂತ ಮನೆಗೆ ಬರಿ ಅಂದರು. ಎರಡನ್ನೂ ಮಾಡಿದೆ.

ಆ ಊರಿನ ಜನರ ಬಗ್ಗೆ ಹೇಳಬೇಕಂದ್ರೆ, ಅವರು ಸಾಲು ನಿಲ್ಲೋದು ದೇವರಪೂಜೆ ಮಾಡಿದ ಹಾಗೆ. ಮೊದಲ ದಿನ ನನಗದು ಗೊತ್ತಿರಲಿಲ್ಲ. ಬಸ್ಸು ಬಂದದ್ದೇ ನಾನು ಶಿರಸಿ ಸ್ಟ್ಯಾಂಡಿನ ಅಭ್ಯಾಸದಲ್ಲಿ ಓಡಿಹೋಗಿ, ಗಂಗತ್ತೆಗೆ ಜಾಗ ಹಿಡಿಯೋಕೆ ಕಿಟಕಿಯಿಂದ ಟವೆಲ್ ಎಸೆದೆ. ಒಳಗೆ ಕೂತ ಅಜ್ಜಿಯ ಟೋಪಿ ಮೇಲೆ ಬಿತ್ತು. ಅಜ್ಜಿ ಅದನ್ನ ಮಡಚಿ, ನಾನು ಹತ್ತಿದ ಮೇಲೆ ಕೈಗೆ ಕೊಟ್ಟು, ತಾನೇ ಸಾರಿ ಅಂದಳು. ಬೈದಿದ್ರೆ ಚೊಲೋ ಇತ್ತು.

ಕಡಲ ದಂಡೆಗೆ ಹೋದಾಗಲೂ ಹೀಗೇ. ಎಲ್ಲ ನೀರಲ್ಲಿ ಆಡ್ತಿದ್ದರು. ನಾನು ಪ್ಯಾಂಟು ಮಡಚಿ, ನೀರಿಗೆ ಬೆನ್ನು ಮಾಡಿ, ದೂರ ನಿಂತೆ. ಒಂದು ತೆರೆ ಹಿಂದಿನಿಂದ ಬಂದು ನೆತ್ತಿವರೆಗೆ ತೋಯಿಸಿತು. ಅವತ್ತಿಡೀ ನನಗೆ ಊಟ ಸೇರಲಿಲ್ಲ. ಗಂಗತ್ತೆ ನನ್ನ ತಲೆ ಒರೆಸ್ತಾ ಹೇಳಿದರು:

"ನೀ ಸಮುದ್ರಕ್ಕೆ ಇಳದ್ದಿಲ್ಲೆ ತಮಾ. ಅದೇ ನಿನ್ನ ಹತ್ರ ಬಂತು. ತಪ್ಪಿದ್ರೆ ಅದ್ರದ್ದು."

ಬಾಗಿಲಿಗಿಟ್ಟ ಸಾಲಿಗ್ರಾಮ

ಪಕ್ಕದ ಮನೆಯಲ್ಲಿ ಹಾಬ್ಸ್ ಅಂತ ಒಬ್ಬರಿದ್ದರು. ಟಪಾಲು ಹಂಚಿ ರಿಟೈರ್ ಆದವರು. ಅವರ ಹೆಂಡತಿ ದಪ್ಪಗೆ, ನಗುಮುಖದ ಹೆಂಗಸು. ಚಹಕ್ಕೆ ಕರೆದರು ಅಂತ ನಾನು, ಗಂಗತ್ತೆ ಹೋದೆವು. ಹೊಸ್ತಿಲಲ್ಲೇ ಗಂಗತ್ತೆ ನಿಂತುಬಿಟ್ಟರು. ಗಾಳಿಗೆ ಬಾಗಿಲು ಮುಚ್ಚಿಕೊಳ್ಳಬಾರದು ಅಂತ ಒತ್ತು ಕೊಟ್ಟಿದ್ದ ಕಲ್ಲು ಸಾಲಿಗ್ರಾಮ! ತೆಂಗಿನಕಾಯಿಯಷ್ಟು ದೊಡ್ಡದು, ಸುರುಳಿ ಸುರುಳಿ ಚಕ್ರ, ಒಂದು ಕಡೆ ಮುಕ್ಕಾಗಿತ್ತು ಅಷ್ಟೆ.

ಗಂಗತ್ತೆ ಅದನ್ನ ಎರಡೂ ಕೈಯಲ್ಲಿ ಎತ್ತಿ, ಸೆರಗಲ್ಲಿ ಒರೆಸಿ, ಮೇಜಿನ ಮೇಲೆ ಇಟ್ಟರು. ಬಾಗಿಲು ಧಡ್ ಅಂತ ಮುಚ್ಚಿತು. ಮಿಸೆಸ್ ಹಾಬ್ಸ್ ಕಲ್ಲನ್ನ ಮತ್ತೆ ಬಾಗಿಲಿಗೆ ಇಟ್ಟರು. ಗಂಗತ್ತೆ ಮತ್ತೆ ಎತ್ತಿದರು. ಇಬ್ಬರೂ ನಗ್ತಾನೇ ಇದ್ದರು, ಇಬ್ಬರೂ ಬಿಡಲಿಲ್ಲ. ಆಮೇಲೆ ನಾವು ಹೋದಾಗಲೆಲ್ಲ ಇದೇ ನಡೀತಿತ್ತು.

ಹಾಬ್ಸ್ ನಮಗೆ ತಿಳಿಸಿ ಹೇಳಿದರು. ಅದು ಹಳೇ ಕಾಲದ ಒಂದು ಶಂಖದ ಜಾತಿ, ಕಲ್ಲಾಗಿದೆ. ಅದು ಬದುಕಿದ್ದಾಗ ನೆಲದ ಮೇಲೆ ಡೈನೋಸಾರ್ ಅನ್ನೋ ದೊಡ್ಡ ಪ್ರಾಣಿಗಳು, ಕಡಲಲ್ಲಿ ದೊಡ್ಡ ಹಲ್ಲಿಗಳು. ಅವರೇ ಬರೆದ ಚಿತ್ರ ತೋರಿಸಿದರು. ಒಂದಕ್ಕೆ ಆಮೆಯ ಮೈ, ಕೊಕ್ಕರೆಯ ಕುತ್ತಿಗೆ. ಇನ್ನೊಂದು ಥೇಟ್ ಮೀನೇ, ಉದ್ದ ಮೂತಿ, ಮೂತಿ ತುಂಬ ಹಲ್ಲು, ಊಟದ ಬಟ್ಟಲಿನಷ್ಟು ಕಣ್ಣು. ಆದ್ರೆ ಮೀನಲ್ಲ, ಹಲ್ಲಿಯ ಕಡೆಯ ನೆಂಟ. ಉಸಿರು ಎಳೆಯೋಕೆ ನೀರಿನ ಮೇಲೆ ಬರ್ಬೇಕಿತ್ತು. ಹೆಸರು ಇಕ್ತಿಯೋಸಾರ್. ಅದನ್ನ ಟೈಪ್ ಮಾಡೋಕೆ ನನಗೆ ಅರ್ಧ ಊಟದ ಹೊತ್ತು ಹಿಡೀತು, ಇನ್ನು ಮೇಲೆ ಕಡಲಹಲ್ಲಿ ಅಂತಲೇ ಬರೀತೇನೆ.

ಇವುಗಳ ಹೆಸರು ಪುರಾಣದಲ್ಲಿ ಎಲ್ಲೂ ಇಲ್ಲವಲ್ಲ ಅಂತ ನಾನು ಗಂಗತ್ತೆಯನ್ನ ಕೇಳಿದೆ. ಅವರು ಚಿತ್ರ ತಿರುಗಿಸಿ ತಿರುಗಿಸಿ ನೋಡಿ, ದೇವರು ಹತ್ತು ಅವತಾರ ನಮಗೆ ಹೇಳಿದ್ದು, ಹೇಳದೆ ಎತ್ತಿದ್ದು ಎಷ್ಟೋ ಅಂದರು.

ಹಾಬ್ಸ್ ಪ್ರಾಯದಿಂದ ಟಪಾಲು ಹಂಚ್ತಾ ಬಂಡೆ ಬುಡ ಎಲ್ಲ ಹುಡುಕಿದವರು. ಶಂಖ ಸಿಕ್ಕಿದೆ, ಬಿಡಿ ಎಲುಬು ಸಿಕ್ಕಿದೆ, ಹಲ್ಲು ಸಿಕ್ಕಿದೆ. ಒಂದು ಕಡಲಹಲ್ಲಿ ಇಡಿಯಾಗಿ ಸಿಕ್ಕಿರಲಿಲ್ಲ. ಅದನ್ನ ಹೇಳುವಾಗ ಅವರು ಕಪ್ಪಿನಲ್ಲಿ ಚಮಚ ತಿರುಗಿಸ್ತಾನೇ ಇದ್ದರು, ಸಕ್ಕರೆ ಹಾಕಿರಲಿಲ್ಲ.

ಬಂಡೆ ಬುಡ

ಒಂದು ವಾರ ಮಳೆ ಹೊಡೀತು. ನಮ್ಮ ಮಳೆಯ ಎದುರು ಅದು ಮಳೆಯೇ ಅಲ್ಲ, ಜರಡಿ ಹಿಡಿದ ಹಾಗೆ. ಆದ್ರೂ ಕಡಲ ದಂಡೆಯ ಕಪ್ಪು ಮಣ್ಣಿನ ಗುಡ್ಡ ಕುಸೀತು. ಮಳೆ ನಿಂತ ಬೆಳಿಗ್ಗೆ ಹಾಬ್ಸ್ ಓಡಿ ಬಂದು ಭಾವನನ್ನ ಕೇಳಿದರು. ಭಾವ ಆಸ್ಪತ್ರೆಗೆ ಹೋಗಿಯಾಗಿತ್ತು. ಹಾಗಾದ್ರೆ ನೀವಾದ್ರೂ ಬನ್ನಿ, ಸಿಕ್ಕಿದೆ, ಉಬ್ಬರ ಏರೋದ್ರೊಳಗೆ ತೆಗೀಬೇಕು, ಇಲ್ಲದಿದ್ದರೆ ತೆರೆಗೆ ಪುಡಿಯಾಗ್ತದೆ ಅಂದರು. ನಾನು ಮೈ ಮರೆತು ಹೊರಟೆ. ಹಿಂದಿನಿಂದ ಮಿಸೆಸ್ ಹಾಬ್ಸ್ ಕಂಬಳಿ, ಚಹದ ಬಾಟಲಿ ಹಿಡಿದು, ಗಂಗತ್ತೆ ಭಾವನ ಕರೀ ಕೊಡೆ ಹಿಡಿದು ಬಂದು ದಂಡೆಯ ಕಟ್ಟೆ ಮೇಲೆ ಕೂತರು.

ಕೆಳಗೆ ಹಾಸುಗಲ್ಲಿನ ಒಂದು ತುಂಡು ಬಿದ್ದಿತ್ತು. ನಮ್ಮ ಹಲ್ಲಿಯದ್ದೇ ಬೆನ್ನು ಅನ್ನೋ ಹಾಗೆ ಮಣಿ ಮಣಿ ಎಲುಬು, ಎರಡೂ ಬದಿಗೆ ಪಕ್ಕೆಲುಬು, ಹುಟ್ಟು ಹಾಕೋ ಹಲಗೆಯ ಹಾಗೆ ಕೈ. ತಲೆಯ ತುಂಡನ್ನ, ಬಾಲದ ತುಂಡನ್ನ ಹಾಬ್ಸ್ ಆಗಲೇ ಒಬ್ಬರೇ ಮೇಲೆ ಸಾಗಿಸಿದ್ದರು. ಉಳಿದದ್ದು ನಡು. ಅದು ಒಬ್ಬರಿಂದ ಏಳೋದಲ್ಲ. ಅವರು ಮನೆಯಿಂದ ಮರದ ಏಣಿ ತಂದಿದ್ದರು. ಕಲ್ಲನ್ನ ಏಣಿ ಮೇಲೆ ಸರಿಸಿ, ಹಗ್ಗ ಸುತ್ತಿ, ಹಿಂದಿನ ತುದಿ ನೀವು ಹಿಡೀರಿ ಅಂದರು.

ನಾನು ಬಗ್ಗಿದವನು ಹಾಗೇ ನಿಂತೆ. ಎರಡು ಗಳ, ನಡುವೆ ಅಡ್ಡ ತುಂಡು, ಮೇಲೆ ಎಲುಬು, ಸುತ್ತ ಹಗ್ಗ. ನಮ್ಮಲ್ಲಿ ಚಟ್ಟ ಹೇಗಿರ್ತದೆ ಅಂತ ನಿಮಗೆಲ್ಲ ಗೊತ್ತು. ನನ್ನ ಕೈ ಮುಂದೆ ಹೋಗಲಿಲ್ಲ. ಆ ಹೊತ್ತಿಗೆ ಅಲ್ಲಿ ಕಲ್ಲು ಕಾಣಲಿಲ್ಲ ನನಗೆ, ಸಾವಿತ್ರಿ ಕಂಡಳು.

"ಕ್ಷಮಿಸಿ ಸಾರ್," ಅಂದೆ ನನ್ನ ಮ್ಯಾಟ್ರಿಕ್ ಇಂಗ್ಲಿಷಲ್ಲಿ, "ಇದು ಹೆಣ. ನನ್ನ ಹೆಂಡತಿ ಬಸುರಿ. ನಾನು ಹೆಣ ಹೊರೋ ಹಾಗಿಲ್ಲ."

ಅವರು ನಗ್ತಾರೆ ಅಂದ್ಕೊಂಡಿದ್ದೆ. ನಗಲಿಲ್ಲ. ಮೊದಲನೇದಾ ಅಂತ ಕೇಳಿದರು. ಮೂರನೇದು, ಮೊದಲಿನ ಎರಡು ಉಳೀಲಿಲ್ಲ ಅಂದೆ. ಅವರು ಟೋಪಿ ತೆಗೆದು ಬೆವರು ಒರೆಸಿ, "ಹಾಗಾದ್ರೆ ಮುಟ್ಟಬೇಡಿ," ಅಂದರು. ಅಷ್ಟೆ. ತಾವೊಬ್ಬರೇ ಏಣಿಯ ತುದಿ ಹಿಡಿದು ಎಳೆಯೋಕೆ ಶುರು ಮಾಡಿದರು. ಅದು ಒಂದು ಗೇಣು ಬಂತು, ಮತ್ತೆ ಕೆಸರಲ್ಲಿ ಹೂತಿತು. ನೀರು ನಮ್ಮ ಬೂಟಿನ ಹತ್ತಿರಕ್ಕೆ ಬಂದಿತ್ತು. ಬಯ್ದಿದ್ದರೆ ನಾನು ಸುಮ್ಮನೆ ನಿಂತಿರ್ತಿದ್ದೆನೋ ಏನೋ. ಅಷ್ಟು ವಯಸ್ಸಾದ ಮನುಷ್ಯ, ಜೀವಮಾನ ಹುಡುಕಿದ್ದನ್ನ ನೀರಿಗೆ ಬಿಡೋಕೆ ತಯಾರಾಗಿ, ನನಗೆ ಮುಟ್ಟಬೇಡ ಅಂದದ್ದು ತಡಕೊಳ್ಳೋಕೆ ಆಗಲಿಲ್ಲ. ನಾನು ಕಟ್ಟೆ ಕಡೆ ಕೈ ಬೀಸಿ ಗಂಗತ್ತೆಯನ್ನ ಕೂಗಿದೆ.

ಗಂಗತ್ತೆ ಸೀರೆ ಎತ್ತಿ ಕಟ್ಟಿ, ಕೊಡೆ ಊರಿಕೊಂಡು, ಜಾರೋ ಕಲ್ಲಿನ ಮೇಲೆ ನಮ್ಮ ಹಳ್ಳದ ಮರದ ಸಂಕ ದಾಟಿದ ಹಾಗೆ ಇಳಿದು ಬಂದರು. ಹಿಂದೆ ಮಿಸೆಸ್ ಹಾಬ್ಸ್. ನಾನು ಗಡಿಬಿಡಿಯಲ್ಲಿ ಎಲ್ಲ ಹೇಳಿದೆ. ಗಂಗತ್ತೆ ಕಲ್ಲಿಗೆ ಒಂದು ಸುತ್ತು ಬಂದು, ಪಕ್ಕೆಲುಬಿನ ಒಳಗೆ ಸಣ್ಣ ಸಣ್ಣ ಎಲುಬು ಕಾಣ್ತದಲ್ಲ, ಅದು ಎಂತದು ಕೇಳು ಅಂದರು.

ಹಾಬ್ಸ್ ಮಂಡಿ ಊರಿ ಅಂಗೈಯಲ್ಲಿ ನೀರು ಹೊಯ್ದು ಮಣ್ಣು ತೊಳೆದರು. ಬೆರಳಿನಷ್ಟು ಉದ್ದದ ಒಂದು ಬೆನ್ನೆಲುಬು. ಅದರ ಪಕ್ಕ ಇನ್ನೊಂದು. ಅವರ ದನಿ ಸಣ್ಣದಾಯ್ತು. ಇವು ನೆಲದ ಹಲ್ಲಿ ಹಾಗೆ ಮೊಟ್ಟೆ ಇಡ್ತಿರಲಿಲ್ಲ, ಕಡಲಲ್ಲೇ ಮರಿ ಹಾಕ್ತಿದ್ದವು, ಇದು ಬಸುರಿ ಅಂದರು.

ನಾನು ಅದನ್ನ ಕನ್ನಡ ಮಾಡಿ ಹೇಳಿದೆ. ಬಸುರಿಯಾಗೇ ಸತ್ತದ್ದು. ಇದಕ್ಕಿಂತ ಕೆಟ್ಟ ಹೆಣ ನಮ್ಮಲ್ಲಿ ಇಲ್ಲ. ಈಗ ಗಂಗತ್ತೆ ನನ್ನನ್ನ ಕೈ ಹಿಡಿದು ಎಳೆದುಕೊಂಡು ಹೋಗ್ತಾರೆ ಅಂದ್ಕೊಂಡೆ. ಅವರು ಎಳೆಯಲಿಲ್ಲ. ಒಂದು ತೆರೆ ಬಂತು, ಹೋಯ್ತು.

"ಆ ಏಣಿ ಆಚೆ ಎಸೆ ಹೇಳು ಅವಂಗೆ," ಅಂದರು. ಮತ್ತೆ ನನ್ನ ಕಡೆ ತಿರುಗಿ, "ಹೆಣ ಮನೆಯಿಂದ ಹೊರಗೆ ಹೋಗ್ತು ತಮಾ. ಇದು ಮನೆಗೆ ಬಪ್ಪದು. ಮನೆಗೆ ಬಪ್ಪ ಬಸುರಿಯ ಏಣಿ ಮೇಲೆ ಹೊತ್ಕಂಡು ಬತ್ವಾ? ಜೋಲಿ ಕಟ್ಟು."

ಜೋಲಿ ಕಟ್ಟೋದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಲ್ಲಾಪುರದ ಕಡೆ ನಮ್ಮ ಹಳ್ಳಿಯಿಂದ ಗಾಡಿ ರಸ್ತೆ ಎಲ್ಲೋ ದೂರ. ಹೆರಿಗೆ ಕಷ್ಟ ಆದ ಹೆಂಗಸನ್ನ ಕಂಬಳಿಯಲ್ಲಿ ಮಲಗಿಸಿ, ಎರಡು ತುದಿ ಗಳಕ್ಕೆ ಕಟ್ಟಿ, ಹೆಗಲ ಮೇಲೆ ಹೊತ್ತು ದಾಟಿಸ್ತಿದ್ದೆವು. ಪ್ರಾಯದಲ್ಲಿ ನಾನೂ ಹೊತ್ತವನೇ. ನಾವು ಹೊತ್ತ ಹೆಂಗಸರಲ್ಲಿ ಹೆಚ್ಚಿನವರು ಮಗು ಎತ್ತಿಕೊಂಡು ನಡೆದೇ ವಾಪಸ್ ಬಂದಿದ್ದಾರೆ. ಅದು ನೆನಪಾದದ್ದೇ ನನ್ನ ಕೈಕಾಲಿಗೆ ಜೀವ ಬಂತು.

ಮಿಸೆಸ್ ಹಾಬ್ಸ್ ಕಂಬಳಿ ಕೊಟ್ಟರು, ಹತ್ತಿರದ ಮೀನುದೋಣಿಯಿಂದ ದಪ್ಪ ಗಳವೊಂದನ್ನ ಕೇಳಿ ತಂದರು. ಗಂಗತ್ತೆ ಶಾಲು ತೆಗೆದು ಕಲ್ಲಿನ ಅಡಿಗೆ ಮೆತ್ತಗೆ ಹಾಸಿದರು. ಪೆಟ್ಟಿಗೆ ಕಟ್ಟೋಕೆ ಅಂತ ನಾನು ಊರಿಂದ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಒಯ್ದಿದ್ದೆ, ಜೇಬಲ್ಲೇ ಇತ್ತು. ಅದರಲ್ಲಿ ಗಂಟು ಬಿಗಿದೆ. ಮುಂದೆ ನಾನು, ಹಿಂದೆ ಹಾಬ್ಸ್. ಒಂದು, ಎರಡು ಅಂದು ಎತ್ತಿದೆವು. ಹೆಗಲಿಗೆ ಭಾರ ಕೂತಿತು. ನನಗೆ ಹೆದರಿಕೆ ಆಗಲಿಲ್ಲ.

ಜೋಲಿ ಹೊರುವಾಗ ಹಿಂದಿನವನಿಗೆ ದಾರಿ ಕಾಣೋದಿಲ್ಲ. ಅದಕ್ಕೆ ಮುಂದಿನವನು ಕೂಗಿ ಹೇಳ್ಬೇಕು, ಹಿಂದಿನವನು ಓಗೊಡಬೇಕು. ನಾನು ಹಾಬ್ಸಿಗೆ ಹೇಳಿದೆ, ನಾನು ಏನೇ ಕೂಗಲಿ ನೀವು ಹೂಂ ಅನ್ನಿ. ಇಂಗ್ಲಿಷಲ್ಲೇ ಕೂಗೋಣ ಅಂತ ಇದ್ದೆ, ಭಾರ ಹೊತ್ತಾಗ ಬಾಯಿಗೆ ಬಂದದ್ದು ಕನ್ನಡವೇ.

"ಕಲ್ಲು," ಅಂದೆ.

"ಹೂಂ," ಅಂದರು ಹಾಬ್ಸ್.

"ಜಾರ್ತದೆ."

"ಹೂಂ."

"ಏರು ಬಂತು."

"ಹೂಂ," ಅಂದರು. ಏರು ಅವರಿಗೆ ಕಾಲಲ್ಲಿ ಗೊತ್ತಾಯ್ತು, ಆಮೇಲಿನ ಹೂಂ ಸ್ವಲ್ಪ ನರಳಿಕೆಯಾಗೇ ಬಂತು.

ಹೀಗೇ ನಾವು ಊರೊಳಗೆ ಬಂದೆವು. ಮುಂದೆ ಗಡ್ಡ ಬಿಟ್ಟ ನಾನು, ಹಿಂದೆ ಕೆಸರು ಮೆತ್ತಿದ ಟಪಾಲಿನವರು, ನಡುವೆ ಕಂಬಳಿ. ಕಂಬಳಿಗೆ ಬಿಸಿಲು ತಾಗಬಾರದು ಅಂತ ಕೊಡೆ ಹಿಡಿದ ಗಂಗತ್ತೆ. ಅಂಗಡಿ ಎದುರು ನಿಂತ ಒಬ್ಬ ದೊಡ್ಡ ಮನುಷ್ಯ ನಮ್ಮನ್ನ ಕಂಡು ಟೋಪಿ ತೆಗೆದು ತಲೆ ಬಗ್ಗಿಸಿದ. ಅದು ಎಂತಕ್ಕೆ ಅಂತ ಗಂಗತ್ತೆ ಕೇಳಿದರು. ಇಲ್ಲಿ ಹೆಣ ಕಂಡ್ರೆ ಹಾಗೆ ಮಾಡ್ತಾರೆ ಅಂದೆ. ಗಂಗತ್ತೆ ಅವನ ಎದುರೇ ಹೋಗಿ, ಕಂಬಳಿಯ ತುದಿ ಎತ್ತಿ ತೋರಿಸಿ, ನಮ್ಮ ಮನೆಮಾತಲ್ಲೇ ಹೇಳಿದರು, "ಟೋಪಿ ಹಾಕ್ಯ ಮಾರಾಯ. ಇದು ಬಸುರಿ."

ಅವನಿಗೆ ಏನು ತಿಳೀತೋ, ಟೋಪಿ ಹಾಕಿಕೊಂಡ.

ಹಾಬ್ಸರ ಮನೆ ಬಾಗಿಲಲ್ಲಿ ಜೋಲಿ ತಿರುಗಲಿಲ್ಲ. ಆಗ ಮಿಸೆಸ್ ಹಾಬ್ಸ್ ಬಾಗಿಲನ್ನ ತನ್ನ ಬೆನ್ನಲ್ಲಿ ಒತ್ತಿ ಹಿಡಿದು, ಕೆಳಗಿದ್ದ ಸಾಲಿಗ್ರಾಮ ಎತ್ತಿ ತಾನೇ ಮೇಜಿನ ಮೇಲೆ ಇಟ್ಟರು. ನಾವು ಆ ಊರಲ್ಲಿ ಇದ್ದಷ್ಟು ದಿನವೂ ಅದು ಮೇಜಿನ ಮೇಲೇ ಇತ್ತು. ಬಾಗಿಲಿಗೆ ಒಂದು ಇಟ್ಟಿಗೆ ಬಂತು. ಅವತ್ತು ಗಂಗತ್ತೆ ಹಾಬ್ಸಿಗೆ ಬೆಲ್ಲ ನೀರು ಕೊಟ್ಟು, ಬಸುರಿಗೆ ಗಾಳಿ ತಾಗಬಾರದು, ಆದಷ್ಟು ಒಲೆಯ ಹತ್ತಿರ ಇಡು ಅಂದರು. ಒಮ್ಮೆಗೇ ಒಣಗಿದ್ರೆ ಕಲ್ಲು ಸೀಳ್ತದೆ ಅಂತ ಹಾಬ್ಸ್ ಅಂದರು. ಕೊನೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಒದ್ದೆ ಬಟ್ಟೆ ಹೊದೆಸಿ, ಇಬ್ಬರಿಗೂ ಒಪ್ಪಿಗೆ ಆಯ್ತು.

ವಾಪಸ್ಸು

ಬರುವಾಗ ಹಡಗಿನಲ್ಲಿ ನನ್ನ ಗಡ್ಡಕ್ಕೆ ಒಳ್ಳೆ ಮರ್ಯಾದೆ ಸಿಕ್ಕಿತು, ಯಾರೋ ಸ್ವಾಮಿಗಳು ಅಂದ್ಕೊಂಡು. ಶಿರಸಿ ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ಅಂಗಡಿಯ ಗಿರಾಕಿಗಳೇ ಗುರುತು ಹಿಡೀಲಿಲ್ಲ, ಒಬ್ಬ ಎದ್ದು ಜಾಗ ಕೊಟ್ಟ. ಸಾವಿತ್ರಿ ಮಾತ್ರ ದೂರದಿಂದಲೇ ನನ್ನ ಕಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ನಗಬೇಡ ಅಂತ ಗಂಗತ್ತೆ ಬಯ್ದರು. ಸಿದ್ದಾಪುರದ ಬಸ್ಸು ಅವರು ಬೇಕೆಂದೇ ತಪ್ಪಿಸಿಕೊಂಡರು. ಹೆರಿಗೆ ಆಗೋವರೆಗೂ ನಮ್ಮ ಮನೆಯಲ್ಲೇ ಉಳಿದರು.

ಹೆಣ್ಣು ಹುಟ್ಟಿತು. ಅತ್ತದ್ದು ಬೀದಿಗೆ ಕೇಳಿತು. ನಾನು ಒಳಗೆ ಹೋಗಿ ಕೂಸನ್ನ ನೋಡಿದೆ, ಸಾವಿತ್ರಿಯನ್ನ ನೋಡಿದೆ, ಇಬ್ಬರೂ ಚೊಲೋ ಇದ್ದರು. ಆಮೇಲೆ ಹೊರಗೆ ಬಂದು ಜಗಲಿಯಲ್ಲಿ ಕೂತೆ. ಕ್ಷೌರಕ್ಕೆ ಹೋಗೋ ನೆನಪಾದದ್ದು ಮರುದಿನ.

ಹಾಬ್ಸಿಗೆ ಕಾಗದ ಬರೆದೆ. ಕೂಸು ಬಂತು, ಎಲ್ಲ ಸುಖವಾಗಿ ದಾಟಿದೆವು ಅಂತ ಅಷ್ಟೇ. ಎಷ್ಟೋ ವಾರ ಬಿಟ್ಟು ಒಂದು ಫೋಟೋ ಬಂತು. ಮಣ್ಣೆಲ್ಲ ಬಿಡಿಸಿ, ಮೂರೂ ತುಂಡು ಜೋಡಿಸಿದ ಕಡಲಹಲ್ಲಿ. ದೊಡ್ಡ ಕಣ್ಣು, ಒಳಗೆ ಮರಿಗಳು. ಹಿಂದುಗಡೆ ಏನಾದ್ರೂ ಬರೆದಿರಬಹುದು ಅಂತ ತಿರುಗಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಒಂದು ಮಾತು: ಹೂಂ.

ಈಗ ಮಗಳು ಅಂಗಳದಲ್ಲಿ ಓಡ್ತಾಳೆ. ಆ ಫೋಟೋ ತೋರಿಸಿದ್ರೆ ಅದು ಇಂಗ್ಲೆಂಡಿನ ಅತ್ತೆ ಅಂತಾಳೆ, ಯಾರು ಹೇಳಿಕೊಟ್ಟದ್ದೋ. ಹಳೇ ಕಂಬಳಿಯಲ್ಲಿ ಅವಳನ್ನ ಕೂರಿಸಿ ನಾನು, ಸಾವಿತ್ರಿ ಆಚೆ ಈಚೆ ಹಿಡಿದು ತೂಗ್ತೇವೆ. ಕಲ್ಲು ಅಂತ ನಾನು ಕೂಗಿದ್ರೆ, ಹೂಂ ಅನ್ನೋದು ಜೋಲಿಯ ಒಳಗಿನಿಂದಲೇ.

ಊಟಕ್ಕೆ ಹೋದವರು ಬರೋ ಹೊತ್ತಾಯ್ತು, ಮಶೀನು ಬಿಡ್ಬೇಕು. ಓದುಗರಲ್ಲಿ ಒಂದು ಕೇಳಿಕೆ. ನೀವೂ ಯಾರನ್ನಾದ್ರೂ ಜೋಲಿಯಲ್ಲಿ ಹೊತ್ತು ದಾಟಿಸಿದ್ದರೆ, ಅಥವಾ ನಿಮ್ಮನ್ನ ಯಾರಾದ್ರೂ ಹೊತ್ತಿದ್ದರೆ, ನಿಮ್ಮ ಕಡೆ ಮುಂದಿನವನು ಏನು ಕೂಗ್ತಾನೆ, ಹಿಂದಿನವನು ಏನು ಅಂತಾನೆ, ಬರೆದು ತಿಳಿಸಿ. ಹಾಬ್ಸಿಗೆ ಕನ್ನಡದಲ್ಲಿ ಇನ್ನೊಂದು ಮಾತು ಕಲಿಸೋ ಆಸೆ ಇದೆ.